ಅಮ್ಮನಿಗೆ ಸಿಪ್ರೊ ಮಾತ್ರೆ ಹತ್ತುತ್ತಿಲ್ಲ, ನಾಲ್ಕು ದಿನ ಆಯ್ತು (ಪರಿಹಾರ ಸಿಕ್ಕಿದೆ)

ನಾಲೆಬದಿ, ಮಂಡ್ಯ
ಅಮ್ಮನಿಗೆ 63 ವರ್ಷ. ಉರಿಮೂತ್ರ. ಡಾಕ್ಟರು ಮೂತ್ರವನ್ನು ಕಲ್ಚರ್‌ಗೆ ಕಳಿಸಿ, ಸಿಪ್ರೊಫ್ಲಾಕ್ಸಸಿನ್ 500 ಮಿಗ್ರಾಂ ದಿನಕ್ಕೆ ಎರಡು ಬರೆದುಕೊಟ್ಟರು. ನಾಲ್ಕು ದಿನದಲ್ಲಿ ಒಂದು ಹೊತ್ತೂ ತಪ್ಪಿಸಿಲ್ಲ. ಉರಿ ಹಾಗೇ ಇದೆ. ನಿನ್ನೆ ರಿಪೋರ್ಟ್ ಬಂತು. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ, ಸಿಪ್ರೊ ಎದುರಿಗೆ ‘ಎಸ್’ (ಸೆನ್ಸಿಟಿವ್) ಅಂತ ಇದೆ. ಅಂದರೆ ಈ ಮಾತ್ರೆಗೆ ಬಗ್ಗಲೇಬೇಕು ಅಲ್ವಾ? ಡಾಕ್ಟರು ಸಿಗೋದು ನಾಡಿದ್ದು. ಮಾತ್ರೆನೇ ನಕಲಿ ಇರಬಹುದಾ?

ಮಾತ್ರೆಪೊಟ್ಟಣ, ಮೈಸೂರು
ಮೊದಲು ಒಂದು ಮಾತು. ಜ್ವರ, ಚಳಿ-ನಡುಕ, ಪಕ್ಕೆನೋವು ಇದ್ದರೆ ನಾಡಿದ್ದಿನವರೆಗೆ ಕಾಯಬೇಡಿ, ಇವತ್ತೇ ಯಾರಿಗಾದರೂ ತೋರಿಸಿ.
ಹದಿನೈದು ವರ್ಷದಿಂದ ಔಷಧಿ ಅಂಗಡಿಯಲ್ಲಿದ್ದೇನೆ. ನಕಲಿ ಅನ್ನೋದಕ್ಕೆ ಮುಂಚೆ ಬೇರೆ ಒಂದು ನೋಡೋಣ. ಅಮ್ಮ ಬೆಳಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಹಾಕಿಕೊಳ್ಳುವ ಎಲ್ಲವನ್ನೂ ಗಂಟೆ ಸಮೇತ ಬರೆಯಿರಿ. ಸಿರಪ್ಪು, ಪುಡಿ, ಟಾನಿಕ್ಕು, ಎಲ್ಲ.

ನಾಲೆಬದಿ
ಜ್ವರ ಇಲ್ಲ. ಪಕ್ಕದಲ್ಲಿ ಕೂತು ಕೇಳಿಕೊಂಡೇ ಬರೆಯುತ್ತಿದ್ದೇನೆ. ಬೆಳಗ್ಗೆ 8ಕ್ಕೆ ಸಿಪ್ರೊ, ದೊಡ್ಡ ಲೋಟ ಹಾಲಿನ ಜೊತೆ. ‘ಮಾತ್ರೆ ಉಷ್ಣ, ಹಾಲು ಕುಡಿ’ ಅಂತ ನಮ್ಮಜ್ಜಿ ಕಾಲದಿಂದ ಬಂದಿದೆ. ಅದರ ಹಿಂದೆಯೇ ಮಂಡಿನೋವಿಗೆ ಕ್ಯಾಲ್ಸಿಯಂ ಮಾತ್ರೆ. ಸಂಜೆ ಸಿಪ್ರೊ, ಸ್ವಲ್ಪ ಹೊತ್ತಿಗೆ ಎರಡು ಮುಚ್ಚಳ ಗ್ಯಾಸ್ ಸಿರಪ್. ಸಿರಪ್ ವಿಷಯ ಡಾಕ್ಟರಿಗೆ ಹೇಳಿಯೇ ಇಲ್ಲವಂತೆ. ‘ಅದೇನು ಔಷಧೀನಾ?’ ಅಂತಾರೆ.

ಮಾತ್ರೆಪೊಟ್ಟಣ
ಸಿಕ್ಕಿತಲ್ಲ! ಮೂರರಲ್ಲಿ ದೊಡ್ಡ ಕಳ್ಳ ಆ ಸಿರಪ್ಪೇ. ಬಾಟಲಿ ಹಿಂದೆ ಓದಿ, ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಅಂತ ಇರುತ್ತದೆ. ಸಿಪ್ರೊ ಈ ಲೋಹಗಳಿಗೆ, ಇಲ್ಲ ಹಾಲು-ಮಾತ್ರೆಯಲ್ಲಿರುವ ಕ್ಯಾಲ್ಸಿಯಂಗೆ, ಅಂಟಿಕೊಂಡರೆ ಕರುಳು ಅದನ್ನು ಹೀರುವುದಿಲ್ಲ. ನುಂಗಿದ್ದರಲ್ಲಿ ಬಹುಪಾಲು ಸುಮ್ನೆ ಹೊರಗೆ ಹೋಗುತ್ತದೆ.
ನಿಯಮ ಇಷ್ಟೇ: ಇಂಥವನ್ನು ತಗೊಳ್ಳೋದಕ್ಕೆ 2 ಗಂಟೆ ಮುಂಚೆ ಸಿಪ್ರೊ ನುಂಗಬೇಕು, ಇಲ್ಲ ಅವು ಹೊಟ್ಟೆಗೆ ಹೋಗಿ 6 ಗಂಟೆ ಆದ ಮೇಲೆ. ಬೆಳಗ್ಗೆ 7, ಸಂಜೆ 7ಕ್ಕೆ ಬರೀ ನೀರಿನಲ್ಲಿ ಸಿಪ್ರೊ. ಕ್ಯಾಲ್ಸಿಯಂ ಮಧ್ಯಾಹ್ನ 1ಕ್ಕೆ. ಹಾಲು ರಾತ್ರಿ ಒಂಬತ್ತರ ಮೇಲೆ. ಸಿರಪ್ ಡಾಕ್ಟರನ್ನು ಕೇಳೋವರೆಗೆ ಬೇಡ. ನಾಲ್ಕು ದಿನದ್ದು ಲೆಕ್ಕಕ್ಕೋ ಇಲ್ಲವೋ, ಇನ್ನೆಷ್ಟು ದಿನ ಅನ್ನೋದನ್ನೂ ಅವರೇ ಹೇಳಲಿ. ನೀವಾಗಿ ಜಾಸ್ತಿ ಮಾತ್ರೆ ಕೊಡಬೇಡಿ.

ಕೆಮಿಸ್ಟ್ರಿಮೇಷ್ಟ್ರು, ಮೈಸೂರು
ನಾಲೆ ಬದಿಯಲ್ಲಿ ಏಡಿ ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಿಪ್ರೊ ಅಣುವಿನಲ್ಲಿ ಅಕ್ಕಪಕ್ಕ ಎರಡು ಆಕ್ಸಿಜನ್ ಇವೆ. ಲೋಹದ ಅಯಾನು ಸಿಕ್ಕಿದರೆ ಏಡಿ ಎರಡು ಕೊಂಡಿಯಲ್ಲಿ ಕಚ್ಚಿದ ಹಾಗೆ ಹಿಡಿಯುತ್ತವೆ. ಈ ಹಿಡಿತಕ್ಕೆ ಕೀಲೇಶನ್ ಅನ್ನುತ್ತಾರೆ. ಆ ಹೆಸರು ಬಂದಿದ್ದೂ ಏಡಿ ಕೊಂಡಿಗೆ ಇರುವ ಗ್ರೀಕ್ ಪದದಿಂದಲೇ.
ರಿಪೋರ್ಟ್ ಸುಳ್ಳಲ್ಲ. ಲ್ಯಾಬಿನಲ್ಲಿ ಔಷಧಿಯನ್ನು ನೇರವಾಗಿ ಬ್ಯಾಕ್ಟೀರಿಯಾ ಮುಂದೆ ಇಡುತ್ತಾರೆ. ಅಲ್ಲಿ ಹೊಟ್ಟೆ ಇಲ್ಲ, ಹಾಲಿನ ಲೋಟವೂ ಇಲ್ಲ.
ತಮಾಷೆ ಅಂದರೆ, ಬ್ಯಾಕ್ಟೀರಿಯಾ ಒಳಗೆ ಇದೇ ಸಿಪ್ರೊಗೆ ಲೋಹ ಬೇಕೇ ಬೇಕು. ಡಿಎನ್‌ಎ ಸುರುಳಿ ಬಿಡಿಸುವ ಗೈರೇಸ್ ಕಿಣ್ವಕ್ಕೆ ಅದು ಅಂಟಿಕೊಳ್ಳುವುದು ಒಂದು ಮೆಗ್ನೀಸಿಯಂ ಅಯಾನಿನ ಸೇತುವೆ ಮೇಲೆ. ಕರುಳಿನಲ್ಲಿ ಕಾಲೆಳೆದದ್ದೇ ಅಲ್ಲಿ ಕೈ ಹಿಡಿಯುತ್ತದೆ. ನನಗಂತೂ ಪಾಠದಲ್ಲಿ ಇದನ್ನು ಹೇಳೋದೇ ಖುಷಿ.

ಬೆಲ್ಲದಚ್ಚು
ಹಾಗಾದರೆ ಆಂಟಿಬಯಾಟಿಕ್ ಅಂದರೆ ಹಾಲು ಬಂದ್? ಮುದ್ದೆನೂ? ರಾಗೀಲಿ ಕ್ಯಾಲ್ಸಿಯಂ ತುಂಬಾ ಅಂತಾರಲ್ಲ.

ಮಾತ್ರೆಪೊಟ್ಟಣ
ಇಲ್ಲಪ್ಪ. ಅಮಾಕ್ಸಿಸಿಲಿನ್‌ಗೆ ಹಾಲಿನ ತಕರಾರಿಲ್ಲ. ಸಿಪ್ರೊ ಇದ್ದಾಗಲೂ ಮುದ್ದೆ ಊಟ ಮಾಡಬಹುದು. ಊಟದ ಭಾಗವಾಗಿ ಬಂದ ಕ್ಯಾಲ್ಸಿಯಂ ಅಷ್ಟು ಕಾಡುವುದಿಲ್ಲ, ಬರೀ ಹಾಲು-ಮೊಸರಿನ ಜೊತೆ ನುಂಗಬಾರದು ಅಷ್ಟೇ.
ಜೋಪಾನ ಮಾಡಬೇಕಾದ ಇನ್ನೊಂದು ಗುಂಪು ಟೆಟ್ರಾಸೈಕ್ಲಿನ್. ಚಿಕ್ಕ ಮಕ್ಕಳಿಗೆ ಕೊಟ್ಟರೆ ಬೆಳೆಯುವ ಹಲ್ಲಿನ ಕ್ಯಾಲ್ಸಿಯಂಗೆ ಅಂಟಿ ಹಳದಿ ಕಲೆ ಉಳಿಸುತ್ತದೆ. ಅದೇ ಗುಂಪಿನ ಡಾಕ್ಸಿಸೈಕ್ಲಿನ್ ಹಾಲನ್ನು ಒಂದು ಮಟ್ಟಿಗೆ ಸಹಿಸುತ್ತದೆ, ಕಬ್ಬಿಣದ ಮಾತ್ರೆಯನ್ನು ಸಹಿಸುವುದಿಲ್ಲ. ನರಕ್ಕೆ ಚುಚ್ಚಿದ ಡಾಕ್ಸಿ ಕೂಡ ಕರುಳಿಗೆ ಬರುತ್ತದೆ, ಅಲ್ಲಿ ಕಬ್ಬಿಣ ಕಾದು ಕೂತಿದ್ದರೆ ಹಿಡಿದುಕೊಂಡುಬಿಡುತ್ತದೆ.

ನಾಲೆಬದಿ
ಡಾಕ್ಟರನ್ನು ನೋಡಿ ಬಂದೆವು. ಪಟ್ಟಿ ನೋಡಿ ತಲೆಯಾಡಿಸಿದರು. ಅದೇ ಮಾತ್ರೆಯನ್ನು ಇನ್ನಷ್ಟು ದಿನ ಮುಂದುವರಿಸಿ ಅಂದರು, ಸಿರಪ್ ನಿಲ್ಲಿಸಿದರು. ಹೊಸ ಸಮಯಕ್ಕೆ ಇವತ್ತು ಮೂರನೇ ದಿನ, ಉರಿ ಹೆಚ್ಚುಕಮ್ಮಿ ಹೋಗಿದೆ. ಅಂಗಡಿಯವರನ್ನು ಸುಮ್ನೆ ಅನುಮಾನಿಸಿದೆ. ಅಮ್ಮ ಹಾಲು ಬಿಟ್ಟಿಲ್ಲ. ಗೋಡೆ ಗಡಿಯಾರ ಒಂಬತ್ತೂವರೆ ತೋರಿಸಿದ ಮೇಲೆ ಲೋಟ ಎತ್ತುತ್ತಾರೆ.