ಸಹಾಯ ಬೇಕು: ಮೋರಿ ಕಟ್ಟಿಕೊಂಡರೆ ದೂರು ಯಾರಿಗೆ?

ನಾವು ಬೆಂಗಳೂರಿನ ಬನಶಂಕರಿ ಕಡೆ ಇರೋರು. ಅರ್ಧ ಗಂಟೆ ಮಳೆ ಬಂದರೆ ಸಾಕು, ರಸ್ತೆಯಲ್ಲಿ ಮೊಣಕಾಲುದ್ದ ನೀರು. ಕೇಬಲ್ ಹಾಕಲು ಅಗೆದವರು ಮಣ್ಣನ್ನೆಲ್ಲ ಮೋರಿ ಬಾಯಿಗೇ ತಳ್ಳಿ ಹೋಗಿದ್ದಾರೆ. ನಾವೇ ಗುದ್ದಲಿ ಹಿಡಿದು ಮೇಲಿನ ಕಸ ತೆಗೆದೆವು, ಆದರೆ ಚಪ್ಪಡಿ ಎತ್ತಲು ಆಗಲಿಲ್ಲ.

ಮೊದಲು ಜಲಮಂಡಳಿಯ 1916ಕ್ಕೆ ಫೋನ್ ಮಾಡಿದೆ. ಅವರದು ಒಳಚರಂಡಿ, ಮಳೆನೀರಿನ ಚರಂಡಿ ಪಾಲಿಕೆಯದ್ದು ಅಂತ ಆಮೇಲೆ ಹೊಳೆಯಿತು. ನನ್ನದೇ ತಪ್ಪು, ಬಿಡಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ನಮ್ಮ ವಾರ್ಡ್ ಎಂಜಿನಿಯರ್ ಯಾರು ಅಂತಲೇ ಗೊತ್ತಾಗುತ್ತಿಲ್ಲ.

ಇತ್ತೀಚೆಗೆ ದೂರು ಕೊಟ್ಟು ಕೆಲಸ ಆದವರು ಇದ್ದೀರಾ? ಆ್ಯಪ್‌ನಲ್ಲಿ ಫೋಟೊ ಹಾಕಿದರೆ ಸಾಕಾ, ಕಚೇರಿಗೇ ಹೋಗಬೇಕಾ? ಸ್ವಲ್ಪ ಬೇಗ ಹೇಳಿ. ಪಕ್ಕದ ಮನೆ ಅಜ್ಜಿ ಮೋಡ ಕಂಡರೆ ಸಾಕು, ಅಕ್ಕಿ ಡಬ್ಬ ಅಟ್ಟಕ್ಕೆ ಏರಿಸುತ್ತಾರೆ.