ಸಹಾಯ ಬೇಕು: ಲೈವ್ ಸರಾಸರಿಗೂ ಹಳೇ ಫೈಲಿನ ಸರಾಸರಿಗೂ ತಾಳೆ ಆಗುತ್ತಿಲ್ಲ

ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಪೈಥಾನ್ ಕೋಡ್‌ನಲ್ಲಿ ಶೇರು ಬೆಲೆಗಳ ವೆಯ್ಟೆಡ್ ಮೂವಿಂಗ್ ಆವರೇಜ್ (ಹೊಸ ಬೆಲೆಗೆ ಹೆಚ್ಚು ತೂಕ ಕೊಟ್ಟು, ನಿಮಿಷ ನಿಮಿಷಕ್ಕೂ ಮುಂದೆ ಸರಿಯುವ ಸರಾಸರಿ) ಲೆಕ್ಕ ಹಾಕುತ್ತಿದ್ದೇನೆ. ನಿಮಿಷಕ್ಕೊಂದು ಬೆಲೆಯಂತೆ ಐದು ನಿಮಿಷದ್ದು, ಹೊಸ ಬೆಲೆಗೆ 5 ತೂಕ, ತೀರಾ ಹಳೆಯದಕ್ಕೆ 1, ಕೊನೆಗೆ 15ರಿಂದ ಭಾಗಿಸುವುದು. ನಮ್ಮಪ್ಪ ಎಪಿಎಂಸಿಗೆ ಮೆಕ್ಕೆಜೋಳ ಒಯ್ಯುವಾಗ ಹೋದ ವಾರದ ರೇಟಿಗಿಂತ ನಿನ್ನೆಯ ರೇಟನ್ನೇ ಜಾಸ್ತಿ ನಂಬುತ್ತಾರೆ, ಅದೇ ಲೆಕ್ಕ ಅಲ್ವಾ.

ಲೈವ್‌ನಲ್ಲಿ, ಅಂದರೆ ಬೆಲೆ ಬರುತ್ತಿದ್ದಂತೆಯೇ ಲೆಕ್ಕ ಹಾಕುವಾಗ, ಪ್ರತಿ ಸಲ ಸುಮ್ನೆ ಐದನ್ನೂ ಯಾಕೆ ಕೂಡಿಸಬೇಕು ಅಂತ, ಹಿಂದಿನ ಸಲದ, ತೂಕದಿಂದ ಗುಣಿಸಿದ ಬೆಲೆಗಳ ಮೊತ್ತಕ್ಕೆ ಹೊಸ ಬೆಲೆಯ 5 ಪಟ್ಟು ಸೇರಿಸಿ, ಹಳೆಯ ಐದು ಬೆಲೆಗಳ ಬರೀ ಮೊತ್ತ ಕಳೆಯುತ್ತೇನೆ. 100, 102, 101, 105, 107 ಇದ್ದಾಗ ಆ ಮೊತ್ತ 1562. ಆಮೇಲೆ 104 ಬಂತು: 1562 + 520 − 515 = 1567, 15ರಿಂದ ಭಾಗಿಸಿದರೆ 104.47. ಮೊದಲು 104.20 ಬರುತ್ತಿತ್ತು, ಎರಡು ದಿನ ತಲೆ ಕೆರೆದುಕೊಂಡೆ. ನೋಡಿದರೆ 515 ಕಳೆಯುವ ಮೊದಲೇ 100 ತೆಗೆದು 104 ಸೇರಿಸಿ ಅದನ್ನು 519 ಮಾಡಿಬಿಟ್ಟಿದ್ದೆ!

ಈಗಿನ ತೊಂದರೆ ಬೇರೆ. ಬೆಳಿಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದಾಗ ಲೈವ್ ಖಾಲಿಯಿಂದ ಶುರುವಾಗುತ್ತದೆ, ಹಿಂದಿನ ಬೆಲೆಗಳನ್ನು ಉಳಿಸಿಟ್ಟ ಹಳೇ ಫೈಲ್ ಓಡಿಸಿದರೆ ಅದು ನಿನ್ನೆ ಸಂಜೆಯ ಬೆಲೆಗಳನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಮೊದಲ ನಾಲ್ಕು ನಿಮಿಷ ಎರಡೂ ತಾಳೆಯಾಗುವುದೇ ಇಲ್ಲ. ನಡುವೆ ನೆಟ್ ಹೋಗಿ ಒಂದು ನಿಮಿಷ ತಪ್ಪಿದರೂ ಇದೇ ಕಥೆ. ತಪ್ಪಿದ ಜಾಗಕ್ಕೆ ಹಿಂದಿನ ಬೆಲೆ ತುಂಬುತ್ತೀರಾ, ಇಲ್ಲ ಕೊನೆಯ ಐದನ್ನು ತಂದು ಹೊಸದಾಗಿ ಕೂಡಿಸುತ್ತೀರಾ? ಮಾಡಿ ನೋಡಿದವರಿದ್ದರೆ ಹೇಳಿ, ಕೋಡ್ ಕೆಳಗೆ ಹಾಕುತ್ತೇನೆ.