ಅಪ್ಪಂಗೆ ಎಂಡೋಸ್ಕೋಪಿಗೆ ನಿದ್ದೆ ಇಂಜೆಕ್ಷನ್ ಕೊಡ್ತಾರಂತೆ, ಗೊರಕೆ ಜಾಸ್ತಿ ಇದೆ, ಆಕ್ಸಿಜನ್ ಹಾಕಿದ್ರೆ ಸಾಕಾ?

ಮಳೆಹನಿ:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 67 ವರ್ಷ, ಸ್ವಲ್ಪ ದಪ್ಪ ಇದಾರೆ, ಬಿಪಿ ಶುಗರ್ ಎರಡೂ ಇದೆ. ರಾತ್ರಿ ಗೊರಕೆ ಅಂದ್ರೆ ಪಕ್ಕದ ರೂಮಿಗೂ ಕೇಳ್ಸತ್ತೆ, ಮಧ್ಯ ಮಧ್ಯ ಪಟ್ ಅಂತ ನಿಂತೋಗಿ ಆಮೇಲೆ ಜೋರಾಗಿ ಉಸಿರೆಳ್ಕೊಂಡು ಮತ್ತೆ ಶುರುವಾಗತ್ತೆ. ಈಗ ಹಿಮೋಗ್ಲೋಬಿನ್ ಕಮ್ಮಿ ಬಂದಿದೆ, ಎಲ್ಲಾದ್ರೂ ರಕ್ತ ಹೋಗ್ತಿದ್ಯಾ ನೋಡ್ಬೇಕು, ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಪೈಪ್ ಹಾಕಿ ಹೊಟ್ಟೆ ನೋಡೋದು) ಕೊಲೊನೋಸ್ಕೋಪಿ (ಕೆಳಗಿಂದ ಹಾಕಿ ದೊಡ್ಡ ಕರುಳು ನೋಡೋದು) ಎರಡೂ ಒಂದೇ ಸಲ ಮಾಡ್ಬಿಡೋಣ, ನಿದ್ದೆ ಇಂಜೆಕ್ಷನ್ ಕೊಡ್ತೀವಿ ಏನೂ ಗೊತ್ತಾಗಲ್ಲ ಅಂದಿದಾರೆ. ಉಸಿರಿನ ಬಗ್ಗೆ ಕೇಳಿದ್ದಕ್ಕೆ "ಆಕ್ಸಿಜನ್ ಹಾಕಿರ್ತೀವಿ, ಬೆರಳಿಗೆ ಕ್ಲಿಪ್ ಇರತ್ತೆ, ಟೆನ್ಷನ್ ಮಾಡ್ಕೋಬೇಡಿ" ಅಂದ್ರು ಅಷ್ಟೆ. ನಂಗೆ ಸಮಾಧಾನ ಆಗ್ತಿಲ್ಲ. ಮೂಗಿಗೆ ಆಕ್ಸಿಜನ್ ಪೈಪ್ ಇದ್ದು ಬೆರಳಲ್ಲಿ ನಂಬರ್ ಸರಿಯಾಗಿ ಬರ್ತಿದ್ರೆ ನಿಜವಾಗ್ಲೂ ಸೇಫಾ? ಇನ್ನೇನಾದ್ರೂ ಕೇಳ್ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಅರಿವಳಿಕೆ ಡಾಕ್ಟ್ರು:
ಮೇಡಂ, ನೀವು ಕೇಳಿರೋದು ಸರಿಯಾದ ಪ್ರಶ್ನೆ, ಸಂಕೋಚ ಪಡ್ಬೇಡಿ. ಆಕ್ಸಿಜನ್ ಬೇಕೇ ಬೇಕು, ಆದ್ರೆ ಅದೊಂದೇ ಸಾಲಲ್ಲ.

ನಿದ್ದೆ ಔಷಧಿ ಎರಡು ಕೆಲಸ ಮಾಡತ್ತೆ. ಮೆದುಳು ಉಸಿರಾಡು ಅಂತ ಕೊಡೋ ಆರ್ಡರ್ ಕಮ್ಮಿ ಆಗತ್ತೆ, ಜೊತೆಗೆ ಗಂಟಲಿನ ಸ್ನಾಯು ಸಡಿಲ ಆಗಿ ನಾಲಿಗೆ ಹಿಂದಕ್ಕೆ ಬಿದ್ದು ಗಾಳಿ ದಾರಿ ಮುಚ್ಕೊಳತ್ತೆ. ನಿಮ್ಮ ತಂದೆಯವ್ರಿಗೆ ದಿನಾ ರಾತ್ರಿ ಆಗ್ತಿರೋದೂ ಈ ಎರಡ್ನೇದೇ. ವ್ಯತ್ಯಾಸ ಏನಂದ್ರೆ ಮನೇಲಿ ಆಕ್ಸಿಜನ್ ಇಳಿದ ತಕ್ಷಣ ಮೈ ಎಚ್ಚೆತ್ಕೊಂಡು ಉಸಿರೆಳ್ಕೊಳತ್ತೆ, ಔಷಧಿ ಕೊಟ್ಟಾಗ ಆ ಎಚ್ಚರಿಕೆನೂ ಮಂಕಾಗಿರತ್ತೆ. ಬೇರೆಯವ್ರು ಆ ಎಚ್ಚರಿಕೆ ಕೆಲಸ ಮಾಡ್ಬೇಕು.

ಈಗ ಬೆರಳಿನ ಕ್ಲಿಪ್. ಅದು ತೋರ್ಸೋದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ, ಉಸಿರಾಡ್ತಿದಾರಾ ಇಲ್ವಾ ಅಂತ ಅಲ್ಲ. ಸಂಪಿಂದ ಮೇಲಕ್ಕೆ ನೀರು ಹತ್ತೋದು ನಿಂತೋದ್ರೂ ಟ್ಯಾಂಕಲ್ಲಿ ಇರೋವರ್ಗೂ ನಲ್ಲೀಲಿ ಬರ್ತಾನೇ ಇರತ್ತಲ್ಲ, ಹಂಗೆ ಮೊದಲೇ ಆಕ್ಸಿಜನ್ ಕೊಟ್ಟಿದ್ರೆ ಶ್ವಾಸಕೋಶ ತುಂಬಿರತ್ತೆ, ಉಸಿರು ನಿಂತ್ಮೇಲೂ ನಂಬರ್ ಸ್ವಲ್ಪ ಹೊತ್ತು 99 ಅಂತಾನೇ ತೋರ್ಸತ್ತೆ. ಆ ಟೈಮ್ ಸಿಗತ್ತೆ ಅಂತಾನೇ ನಾವು ಆಕ್ಸಿಜನ್ ಕೊಡೋದು, ಆದ್ರೆ ಯಾರೂ ಉಸಿರು ನೋಡ್ತಿಲ್ಲ ಅಂದ್ರೆ ಅದೇ ಟೈಮಲ್ಲಿ ತೊಂದ್ರೆ ಮರೆಯಾಗಿ ಕೂತಿರತ್ತೆ. ದಪ್ಪ ಇರೋರಲ್ಲಿ ಈ ಸ್ಟಾಕ್ ಬೇರೆ ಬೇಗ ಖಾಲಿ ಆಗತ್ತೆ, ಒಂದ್ಸಲ 90ಕ್ಕಿಂತ ಕೆಳಗೆ ಬಂತು ಅಂದ್ರೆ ಆಮೇಲೆ ಸರ್ರಂತ ಇಳಿಯತ್ತೆ.

ಅದಕ್ಕೇ ಕ್ಯಾಪ್ನೋಗ್ರಾಫ್ ಅಂತ ಇನ್ನೊಂದು ಮಾನಿಟರ್ ಇದೆ, ಬಿಡೋ ಉಸಿರಲ್ಲಿ ಕಾರ್ಬನ್ ಡೈ ಆಕ್ಸೈಡ್ ಅಳೆಯತ್ತೆ. ಒಂದೊಂದು ಉಸಿರಿಗೂ ಸ್ಕ್ರೀನಲ್ಲಿ ಒಂದು ಗುಡ್ಡದ ಥರ ಗೆರೆ ಬರತ್ತೆ, ಉಸಿರು ನಿಂತ್ರೆ ಗೆರೆ ತಕ್ಷಣ ಚಪ್ಪಟೆ. ಬೆರಳಿನ ನಂಬರ್ ಇಳಿಯೋದಕ್ಕಿಂತ ಎಷ್ಟೋ ಮೊದ್ಲೇ ಗೊತ್ತಾಗೋಗತ್ತೆ. ಅಮೆರಿಕದ ಅನಸ್ತೇಷಿಯಾ ಡಾಕ್ಟ್ರುಗಳ ಸಂಘದ ಮಾನಿಟರಿಂಗ್ ನಿಯಮದಲ್ಲಿ 2011ರಿಂದ ಇಂಥ ನಿದ್ದೆಗೂ ಇದು ಸೇರಿದೆ. ನಿಮ್ಮ ತಂದೆಯವ್ರ ಕೇಸಲ್ಲಿ ನಾನಾಗಿದ್ರೆ ಇದಿಲ್ದೆ ಶುರು ಮಾಡಲ್ಲ.

ಆದ್ರೆ ಮೊದ್ಲು ಕೇಳ್ಬೇಕಾದ್ದು ಮಷಿನ್ ಬಗ್ಗೆ ಅಲ್ಲ, ಜನದ ಬಗ್ಗೆ. ಸ್ಕೋಪ್ ಮಾಡೋ ಡಾಕ್ಟರ್ ಕಣ್ಣು ಪರದೆ ಮೇಲಿರತ್ತೆ, ಅವ್ರಿಗೆ ಉಸಿರು ನೋಡೋಕಾಗಲ್ಲ. "ನಿದ್ದೆ ಮತ್ತೆ ಉಸಿರು ನೋಡ್ಕೊಳೋಕೆ ಬೇರೆ ಒಬ್ರು ಇರ್ತಾರಾ, ಅವ್ರು ಅನಸ್ತೇಷಿಯಾ ಡಾಕ್ಟ್ರಾ" ಅಂತ ನೇರವಾಗಿ ಕೇಳಿ. ಗೊರಕೆ ನಿಂತು ನಿಂತು ಬರೋದನ್ನ ಇಲ್ಲಿ ಬರ್ದಿರೋ ಹಾಗೇ ಅವ್ರಿಗೂ ಹೇಳಿ, ಬರೀ "ಗೊರಕೆ ಇದೆ" ಅಂದ್ರೆ ಯಾರೂ ಗಮನ ಕೊಡಲ್ಲ. ಮನೇಲಿ ಸಿಪ್ಯಾಪ್ ಮಷಿನ್ (ನಿದ್ದೇಲಿ ಮಾಸ್ಕಿಂದ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಮುಚ್ಕೊಳ್ದಂಗೆ ನೋಡ್ಕೊಳೋದು) ಏನಾದ್ರೂ ಇದ್ರೆ ಜೊತೆಗೆ ತಗೊಂಡೋಗಿ.

ಸಂಜೆಗಾಳಿ:
ಇಷ್ಟೆಲ್ಲಾ ಯಾಕೆ ಹೆದರ್ಬೇಕು, ನಂಗೆ ಬರೀ ಗಂಟಲಿಗೆ ಸ್ಪ್ರೇ ಹೊಡ್ದು ಮಾಡಿದ್ರು. ವಾಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಆದ್ರೆ ಐದು ನಿಮಿಷದಲ್ಲಿ ಮುಗೀತು, ಎದ್ದು ನಡ್ಕೊಂಡು ಬಂದೆ. ನಿದ್ದೆನೇ ಬೇಡ ಅಂದ್ರೆ ಉಸಿರಿನ ರಿಸ್ಕೇ ಇರಲ್ವಲ್ಲ.

ಸ್ಕೋಪ್ ರೂಮ್ ಸಿಸ್ಟರ್:
ಸಂಜೆಗಾಳಿ ಅವ್ರೇ, ಬರೀ ಎಂಡೋಸ್ಕೋಪಿ ಆಗಿದ್ರೆ ನೀವು ಹೇಳೋದು ಸರಿ, ಎಷ್ಟೋ ಜನ ಸ್ಪ್ರೇಲೇ ಮಾಡಿಸ್ಕೋತಾರೆ. ಇವ್ರಿಗೆ ಕೊಲೊನೋಸ್ಕೋಪಿನೂ ಇದೆ, ಕರುಳಿನ ತಿರುವಲ್ಲಿ ಎಳೆತ ಆದಾಗ ವಯಸ್ಸಾದೋರು ಒದ್ದಾಡ್ತಾರೆ, ಬಿಪಿ ಏರತ್ತೆ, ಎಲ್ಲಾ ಪೂರ್ತಿ ನೋಡೋಕೂ ಆಗಲ್ಲ. ಮಧ್ಯದ ದಾರಿನೂ ಇದೆ, ಮಾತಾಡ್ಸಿದ್ರೆ ಉತ್ತರ ಕೊಡೋ ಅಷ್ಟು ಹಗುರ ನಿದ್ದೆ. ಅದು ಸಾಕಾಗತ್ತಾ ಅಂತ ಕೇಳಿ ನೋಡ್ಬೋದು.

ಮಳೆಹನಿ ಅವ್ರೇ, ನಾನು ಸ್ಕೋಪ್ ರೂಮಲ್ಲೇ ಕೆಲಸ ಮಾಡೋದು. ಒಳ್ಳೆ ಕಡೆ ಹೆಂಗಿರತ್ತೆ ಅಂದ್ರೆ, ಎಡ ಮಗ್ಗುಲಿಗೆ ಮಲಗ್ಸಿ ಮೂಗಿಗೆ ಪೈಪ್ ಹಾಕಿ ಆಕ್ಸಿಜನ್ ಮೊದ್ಲು ಶುರು ಮಾಡಿ ಆಮೇಲೇ ಔಷಧಿ ಕೊಡೋದು. ಸಾಮಾನ್ಯವಾಗಿ ನಿಮಿಷಕ್ಕೆ 2ರಿಂದ 4 ಲೀಟರ್. ಗೊರಕೆ ಶುರುವಾಯ್ತು ಅಂದ್ರೆ ಅಲ್ಲಿಗೆ ದಾರಿ ಅರ್ಧ ಮುಚ್ತಿದೆ ಅಂತ ಲೆಕ್ಕ, ದವಡೆ ಮೂಲೆ ಹಿಂದೆ ಎರಡು ಬೆರಳಿಟ್ಟು ಮುಂದಕ್ಕೆ ಎತ್ತಿದ್ರೆ ನಾಲಿಗೆ ಮುಂದೆ ಬಂದು ಉಸಿರು ಸಲೀಸಾಗತ್ತೆ. ಸುಮಾರು ಸಲ ಅಷ್ಟರಲ್ಲೇ ಸರಿಹೋಗತ್ತೆ, ಆಕ್ಸಿಜನ್ ಜಾಸ್ತಿ ಮಾಡೋದಕ್ಕಿಂತ ಇದು ಮುಖ್ಯ. ಆಗ್ಲಿಲ್ಲ ಅಂದ್ರೆ ಸ್ಕೋಪ್ ಹೊರಗೆ ತೆಗೆದು ಮಾಸ್ಕ್ ಹಿಡ್ದು ಅಂಬು ಬ್ಯಾಗಲ್ಲಿ (ಕೈಯಲ್ಲಿ ಒತ್ತಿ ಗಾಳಿ ತಳ್ಳೋ ಚೀಲ) ಉಸಿರು ಕೊಡ್ಬೇಕು. ಮಾಸ್ಕ್, ಅಂಬು ಬ್ಯಾಗ್, ಬಾಯಲ್ಲಿರೋ ನೀರು ಕಫ ಎಳೆಯೋ ಸಕ್ಷನ್ ಎಲ್ಲಾ ಕೈಗೆಟುಕೋ ಹಂಗೆ ಇರ್ಬೇಕು.

ಔಷಧಿ ಕೊಡೋದ್ರಲ್ಲೂ ತಾಳ್ಮೆ ಬೇಕು. ಮಿಡಾಜೋಲಾಮ್ ಅನ್ನೋ ನಿದ್ದೆ ಔಷಧಿ ಕೊಟ್ಟ ತಕ್ಷಣ ಏನೂ ಆಗ್ಲಿಲ್ಲ ಅಂತ ಮೇಲೆ ಮೇಲೆ ಹಾಕಿದ್ರೆ ಎಲ್ಲಾ ಒಟ್ಟಿಗೆ ಹತ್ಕೊಳತ್ತೆ, ವಯಸ್ಸಾದೋರಿಗಂತೂ ಕಮ್ಮಿ ಡೋಸ್ ಕೊಟ್ಟು ಎರಡು ಮೂರು ನಿಮಿಷ ಕಾಯ್ಲೇಬೇಕು.

ನೀವು ಮಾಡ್ಬೇಕಾದ್ದು: ಕಟ್ಟಿಸಿದ ಹಲ್ಲು ಇದ್ರೆ, ಅಲ್ಲಾಡೋ ಹಲ್ಲಿದ್ರೆ ಮೊದ್ಲೇ ಹೇಳಿ. ಉಗುರಿಗೆ ಬಣ್ಣ ಮೆಹಂದಿ ಏನಾದ್ರೂ ಇದ್ರೆ ಕ್ಲಿಪ್ ತಪ್ಪು ತೋರ್ಸ್ಬೋದು (ಅಪ್ಪಂಗೆ ಇರಲ್ಲ ಬಿಡಿ, ಓದೋ ಬೇರೆಯವ್ರಿಗೆ ಹೇಳ್ದೆ). ಬಿಪಿ ಪಟ್ಟಿ ಒಂದು ಕೈಗೆ ಕ್ಲಿಪ್ ಇನ್ನೊಂದು ಕೈಗೆ ಇರ್ಬೇಕು, ಇಲ್ಲಾಂದ್ರೆ ಪಟ್ಟಿ ಬಿಗಿ ಆದಾಗೆಲ್ಲ ನಂಬರ್ ಹೋಗತ್ತೆ, ಮಾನಿಟರ್ ಸುಮ್ ಸುಮ್ನೆ ಕೂಗತ್ತೆ, ಕೂಗಿ ಕೂಗಿ ನಿಜವಾದ ಅಲಾರಂಗೂ ಯಾರೂ ತಿರುಗಿ ನೋಡಲ್ಲ.

ಮಳೆಹನಿ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಸಂಜೆಗಾಳಿ ಅವ್ರಿಗೂ. ಸಿಸ್ಟರ್ ಹೇಳಿದ್ದು ಓದಿ ಸ್ವಲ್ಪ ಧೈರ್ಯ ಬಂತು. ಫೋನ್ ಮಾಡಿ ಕೇಳ್ದೆ, ಅನಸ್ತೇಷಿಯಾ ಡಾಕ್ಟ್ರು ಬೇಕಂದ್ರೆ ಕರೆಸ್ತೀವಿ ಅಂದ್ರು, ಕರೆಸಿ ಅಂದೆ. ಪ್ರೊಪೊಫಾಲ್ ಅಂತ ಕೊಡ್ತಾರಂತೆ. ಡಾಕ್ಟ್ರೇ, ಅದು ಜಾಸ್ತಿ ಆದ್ರೆ ಇಳ್ಸೋಕೆ ಔಷಧಿ ಇದ್ಯಾ? ಇನ್ನೊಂದು, ಅಪ್ಪ ಶುಗರ್‌ಗೆ ವಾರಕ್ಕೊಂದ್ಸಲ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೋತಾರೆ, ಅದನ್ನ ಯಾರೂ ಕೇಳ್ಲೇ ಇಲ್ಲ.

ಅರಿವಳಿಕೆ ಡಾಕ್ಟ್ರು:
ಸೆಮಾಗ್ಲುಟೈಡ್ ವಿಷಯ ಈಗ್ಲೇ ಫೋನ್ ಮಾಡಿ ಹೇಳಿ, ಆ ದಿನದವರ್ಗೂ ಕಾಯ್ಬೇಡಿ. ಹೊಟ್ಟೆ ಖಾಲಿ ಆಗೋದನ್ನ ಅದು ನಿಧಾನ ಮಾಡತ್ತೆ. ಸಾಮಾನ್ಯವಾಗಿ ಗಟ್ಟಿ ಊಟ ಬಿಟ್ಟು 6 ಗಂಟೆ, ಬರೀ ನೀರು ಬಿಟ್ಟು 2 ಗಂಟೆ ಅಂತ ಲೆಕ್ಕ, ಆದ್ರೆ ಇದು ತಗೊಳೋರಲ್ಲಿ ಅಷ್ಟು ಹೊತ್ತು ಬಿಟ್ರೂ ಊಟ ಹೊಟ್ಟೇಲೇ ಉಳ್ದಿರ್ಬೋದು. ನಿದ್ದೇಲಿ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಎಷ್ಟು ಆಕ್ಸಿಜನ್ ಇದ್ರೂ ಕಷ್ಟ. ಡೋಸ್ ನಿಲ್ಲಿಸ್ಬೇಕಾ, ಹಿಂದಿನ ದಿನ ಪೂರ್ತಿ ಬರೀ ನೀರಿನಂಥ ಪದಾರ್ಥಾನೇ ತಗೋಬೇಕಾ ಅಂತ ಅವ್ರೇ ತೀರ್ಮಾನ ಮಾಡ್ಲಿ, ನೀವಾಗೇ ನಿಲ್ಲಿಸ್ಬೇಡಿ. ಬೇರೆ ಶುಗರ್ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಅದನ್ನೂ ಕೇಳ್ಕೊಳಿ.

ಪ್ರೊಪೊಫಾಲ್‌ಗೆ ಇಳಿಸೋ ಔಷಧಿ ಇಲ್ಲ. ಮಿಡಾಜೋಲಾಮ್‌ಗೆ ಫ್ಲುಮಾಜೆನಿಲ್ ಇದೆ, ನೋವಿಗೆ ಕೊಡೋ ಫೆಂಟನಿಲ್‌ಗೆ ನಲೋಕ್ಸೋನ್ ಇದೆ, ಇದಕ್ಕೆ ಯಾವ್ದೂ ಇಲ್ಲ. ಆದ್ರೆ ಕೆಲವೇ ನಿಮಿಷದಲ್ಲಿ ತಾನಾಗೇ ಇಳಿಯತ್ತೆ, ಅಲ್ಲೀವರ್ಗೂ ಉಸಿರು ಕೊಡೋಕೆ ಬರೋರು ಪಕ್ಕದಲ್ಲಿದ್ರೆ ಒಳ್ಳೇ ಔಷಧಿ ಅದು. ಬಿಪಿ ಸ್ವಲ್ಪ ಇಳಿಸತ್ತೆ, ಹಾಕುವಾಗ ಕೈ ನರ ಉರಿಯತ್ತೆ, ಅಪ್ಪಂಗೆ ಮೊದ್ಲೇ ಹೇಳಿರಿ.

ಹಿಮೋಗ್ಲೋಬಿನ್ ರಿಪೋರ್ಟ್ ಕೈಯಲ್ಲಿಟ್ಕೊಂಡು ಹೋಗಿ. ರಕ್ತ ಕಮ್ಮಿ ಇದ್ದಾಗ ಕ್ಲಿಪ್‌ನಲ್ಲಿ 98 ಬಂದ್ರೂ ಮೈಗೆ ಹೋಗೋ ಒಟ್ಟು ಆಕ್ಸಿಜನ್ ಕಮ್ಮಿನೇ, ಹಾಗಾಗಿ ಸ್ವಲ್ಪ ಇಳಿದ್ರೂ ಹೃದಯಕ್ಕೆ ಭಾರ. ತುಂಬಾ ಕಮ್ಮಿ ಇದ್ರೆ ಮೊದ್ಲು ರಕ್ತ ಏರ್ಸಿ ಆಮೇಲೆ ಮಾಡೋಣ ಅನ್ಬೋದು, ಮುಂದೆ ಹಾಕಿದ್ರು ಅಂತ ಬೇಜಾರು ಮಾಡ್ಕೋಬೇಡಿ.

ಸ್ಕೋಪ್ ರೂಮ್ ಸಿಸ್ಟರ್:
ಒಂದು ಮಾತು ಸೇರಿಸ್ತೀನಿ. ಸ್ಕೋಪ್ ತೆಗೆದ್ಮೇಲೆ ಎಚ್ಚರ ಮಾಡೋ ಕಿರಿಕಿರಿ ಇರಲ್ಲ, ರೋಗಿ ಮತ್ತೆ ಗಾಢ ನಿದ್ದೆಗೆ ಹೋಗ್ತಾರೆ, ಗೊರಕೆಯವ್ರಿಗೆ ಆ ಹೊತ್ತೂ ಅಪಾಯಾನೇ. ರಿಕವರೀಲೂ ಕ್ಲಿಪ್ ಆಕ್ಸಿಜನ್ ತೆಗೀಬಾರ್ದು, ಸಾಧ್ಯ ಆದ್ರೆ ತಲೆ ಕಡೆ ಎತ್ತರ ಮಾಡಿ ಮಲಗ್ಸಿ ಅನ್ನಿ. ಮನೆಗೆ ಕಳ್ಸುವಾಗ ಯಾರಾದ್ರೂ ದೊಡ್ಡೋರು ಜೊತೆಗಿರ್ಬೇಕು, 24 ಗಂಟೆ ಗಾಡಿ ಓಡಿಸೋದು ಬೇಡ, ಕಾಗದ ಪತ್ರಕ್ಕೆ ಸಹಿ ಹಾಕೋದು ಬೇಡ. ಆ ರಾತ್ರಿ ಬೇರೆ ನಿದ್ದೆ ಮಾತ್ರೆ, ಡ್ರಿಂಕ್ಸ್ ಯಾವ್ದೂ ಬೇಡ, ಒಬ್ರೇ ಮಲಗೋದೂ ಬೇಡ.